ರಾತ್ರಿ ಕುಕ್ಕರೂ ಪ್ಲಗ್‌ನಲ್ಲಿ, ಕಾರೂ ಪ್ಲಗ್‌ನಲ್ಲಿ: ಯಾವುದಕ್ಕೆ ಹೆದರಬೇಕು?

ಎರಡುಪ್ಲಗ್ · ಬೆಳಿಗ್ಗೆ 6:52

ನಿನ್ನೆ ರಾತ್ರಿ ಆದದ್ದನ್ನು ಹೇಳುತ್ತೇನೆ. ಬೇಕಿದ್ದರೆ ನಕ್ಕುಬಿಡಿ, ಉತ್ತರ ಮಾತ್ರ ಬೇಗ ಕೊಡಿ.

ಇವತ್ತು ಹಬ್ಬದ ರಜೆ. ಸಂಜೆ ಊಟಕ್ಕೆ ಎಂಟು ಜನ. ದಿನವಿಡೀ ಒಲೆ ಮುಂದೆ ನಿಲ್ಲುವುದು ತಪ್ಪಲಿ ಅಂತ ರಾತ್ರಿ ಹತ್ತಕ್ಕೆ ಒಂದೂವರೆ ಕಿಲೋ ಚಿಕನ್, ತರಕಾರಿ ಎಲ್ಲಾ ಗಂಟೆಗಟ್ಟಲೆ ಮೆಲ್ಲಗೆ ಬೇಯಿಸುವ ಕರೆಂಟಿನ ಸ್ಲೋ ಕುಕ್ಕರ್‌ಗೆ ತುಂಬಿ ‘ಲೋ’ ಬಿಸಿಯಲ್ಲಿ ಇಟ್ಟೆ. ಅದೇ ಹೊತ್ತಿಗೆ ಕಾರನ್ನೂ ಚಾರ್ಜಿಗೆ ಹಾಕಿದೆ. ಗೋಡೆಗೆ ಚಾರ್ಜರ್ ಇನ್ನೂ ಕೂರಿಸಿಲ್ಲ. ಕಾರಿನ ಜೊತೆ ಬಂದ ಕೇಬಲನ್ನು ಅಡುಗೆಮನೆ ಹಿಂದಿನ ಸಾಕೆಟ್‌ಗೆ ಹಾಕುತ್ತೇನೆ. ಎರಡೂ ಒಂದೇ ಲೈನು. ಇಷ್ಟು ದಿನ ಏನೂ ಆಗಿರಲಿಲ್ಲ.

ರಾತ್ರಿ ನಮ್ಮ ಅತ್ತೆಗೆ ಚಳಿಯಾಗಿದೆ. ಪಕ್ಕದ ಕೋಣೆಯಲ್ಲಿ ರೂಮ್ ಹೀಟರ್ ಹಾಕಿಕೊಂಡಿದ್ದಾರೆ. ಆ ಕೋಣೆಯೂ ಅದೇ ಲೈನಿಗೆ ಸೇರಿದೆ ಅಂತ ನನಗೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೀಟರ್ ನಿಂತಿದೆ. ಕೆಟ್ಟಿರಬೇಕು, ಬೆಳಿಗ್ಗೆ ಹೇಳಿದರಾಯಿತು ಅಂತ ಅವರು ಕಂಬಳಿ ಹೊದ್ದು ಮಲಗಿಬಿಟ್ಟಿದ್ದಾರೆ.

ಆರಕ್ಕೆ ಎದ್ದು ಬಂದರೆ ಅಡುಗೆಮನೆಯಲ್ಲಿ ಘಮವೇ ಇಲ್ಲ. ಕುಕ್ಕರ್ ಮುಟ್ಟಿ ನೋಡಿದರೆ ಮಗುವಿನ ಸ್ನಾನದ ನೀರಿನಷ್ಟು ಬೆಚ್ಚಗಿದೆ, ಅಷ್ಟೇ. ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು, ಬಿದ್ದಿತ್ತು. ಯಾವಾಗ ಬಿತ್ತು? ಕುಕ್ಕರ್ ಹೇಳುವುದಿಲ್ಲ, ಅದು ಗುಂಡಿ ತಿರುಗಿಸುವ ಹಳೇ ಮಾದರಿ. ಹೇಳಿದ್ದು ಕಾರು. ಆ್ಯಪ್‌ನಲ್ಲಿ ಬರೆದಿತ್ತು: ಚಾರ್ಜಿಂಗ್ ನಿಂತಿದೆ, 12:47.

ಈಗ ಎರಡು ಪ್ರಶ್ನೆ. ಈ ಚಿಕನ್ನನ್ನು ಚೆನ್ನಾಗಿ ಕುದಿಸಿ ಬಡಿಸಬಹುದಾ? ಇನ್ನೊಂದು ಅತ್ತೆಯದು: "ಅಷ್ಟು ದೊಡ್ಡ ಬ್ಯಾಟರಿಯನ್ನು ಮನೆಗೆ ಸಿಕ್ಕಿಸಿಕೊಂಡು ಹೇಗೆ ನಿದ್ದೆ ಮಾಡುತ್ತೀರಿ? ಹೊತ್ತಿಕೊಂಡರೆ?" ನನ್ನ ಕಾರಿನದು ಎಲ್‌ಎಫ್‌ಪಿ ಬ್ಯಾಟರಿ, ಸೇಫ್ ಅಂತಾರೆ. ಯಾಕೆ ಸೇಫ್ ಅಂತ ಕೇಳಿದರೆ ನನಗೆ ಹೇಳಲು ಬರಲಿಲ್ಲ.

ಸೌಟುಹಿಡಿದವಳು · 7:01

ಚಿಕನ್ ಎಸೆಯಿರಿ. ರುಚಿಯನ್ನೂ ನೋಡಬೇಡಿ. ಕಾರಣ ಆಮೇಲೆ ಬರೆಯುತ್ತೇನೆ, ಹಾಲು ಉಕ್ಕುತ್ತಿದೆ.

ಉಳಿತಾಯರಾಯ · 7:09

ಒಂದೂವರೆ ಕಿಲೋ ಎಸೆಯೋದಾ? ಇಪ್ಪತ್ತು ನಿಮಿಷ ಕೊತಕೊತ ಕುದಿಸಿದರೆ ಯಾವ ಕ್ರಿಮಿ ಉಳಿಯುತ್ತೆ ಹೇಳಿ. ನಮ್ಮ ಅಜ್ಜಿ ಫ್ರಿಜ್ಜೇ ನೋಡಿರಲಿಲ್ಲ, ತೊಂಬತ್ತು ವರ್ಷ ಬದುಕಿದರು.

ಸೌಟುಹಿಡಿದವಳು · 7:26

ಕ್ರಿಮಿ ಸಾಯುತ್ತದೆ ರಾಯರೇ. ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ.

ಮಾಂಸದಡುಗೆಗೆ 5ರಿಂದ 60 ಡಿಗ್ರಿ ನಡುವೆ ಕೆಟ್ಟ ಕಾಲ. ಆ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದನ್ನು ತಿನ್ನಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಇಲ್ಲಿ 12:47ರಿಂದ ಆರರವರೆಗೆ ಐದು ಗಂಟೆಯ ಮೇಲಾಯಿತು. ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಈ ಉಗುರುಬೆಚ್ಚಗಿನಲ್ಲಿ ಬೆಳೆದರೆ ಒಂದು ವಿಷ ಬಿಡುತ್ತದೆ. ಅದು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವಂತೂ ಇನ್ನೂ ಗಟ್ಟಿ. ವಾಸನೆ ಚೆನ್ನಾಗಿಯೇ ಇರುತ್ತದೆ, ಅದೇ ಮೋಸ.

ಅಜ್ಜಿ ವಿಷಯ: ಫ್ರಿಜ್ ಇಲ್ಲದವರು ಮಾಡಿದ್ದನ್ನು ಆಗಲೇ ಉಂಡು ಮುಗಿಸುತ್ತಿದ್ದರು. ರಾತ್ರಿಯಿಡೀ ಬೆಚ್ಚಗೆ ಇಟ್ಟು ಬೆಳಿಗ್ಗೆ ತಿಂದವರಲ್ಲ.

ಉಳಿತಾಯರಾಯ · 7:31

ಸರಿ ತಾಯಿ, ಎಸೀರಿ. ಹೊಟ್ಟೆ ಉರಿಯುತ್ತೆ ಅಷ್ಟೇ.

ಹಳೇಫ್ಯೂಸು · 7:40

ತಿಂದಿದ್ದರೂ ಉರಿಯುತ್ತಿತ್ತು.

ಕೋಶಪರೀಕ್ಷೆ · 8:15

ಬ್ಯಾಟರಿ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬ್ಯಾಟರಿ ಪ್ಯಾಕ್‌ಗಳನ್ನು ಬೇಕಂತಲೇ ಕೆಡಿಸಿ ನೋಡುವ ಕೆಲಸ ನನ್ನದು. ಅತ್ತೆಗೆ ಹೇಳುವುದಾದರೆ ಆ ಸ್ಲೋ ಕುಕ್ಕರನ್ನೇ ಮುಂದಿಟ್ಟುಕೊಂಡು ಹೇಳಿ.

ಕುಕ್ಕರ್‌ಗೆ 250 ವ್ಯಾಟ್ ಕೊಡುತ್ತೀರಿ. ಮೊದಮೊದಲು ಬಿಸಿ ಏರುತ್ತದೆ. ಏರಿದ ಹಾಗೆ ಪಾತ್ರೆಯ ಮೈಯಿಂದ ಹೊರಗೆ ಹೋಗುವ ಶಾಖವೂ ಹೆಚ್ಚುತ್ತದೆ. ಒಳಗೆ ಬರುವುದು, ಹೊರಗೆ ಹೋಗುವುದು ಸಮವಾದ ಕಡೆ ಕುಕ್ಕರ್ ತಾನೇ ನಿಲ್ಲುತ್ತದೆ. ಹತ್ತು ಗಂಟೆ ಬಿಟ್ಟರೂ ಅದು ನೂರರ ಆಚೆಗೆ ಹೋಗುವುದಿಲ್ಲ. ಅದಕ್ಕೇ ಅದನ್ನು ನಂಬಿ ಮಲಗುತ್ತೇವೆ.

ಲಿಥಿಯಂ ಕೋಶವೂ, ಅಂದರೆ ಬ್ಯಾಟರಿ ಪ್ಯಾಕ್ ಒಳಗಿನ ಒಂದೊಂದು ಸೆಲ್ಲೂ, ಒಂದು ಮಿತಿಯವರೆಗೆ ಹೀಗೇ. ಮಿತಿ ದಾಟಿದರೆ ಶಾಖವನ್ನು ಹೊರಗಿನಿಂದ ಕೊಡುವುದೇ ಬೇಡ, ಅದೇ ಹುಟ್ಟಿಸಿಕೊಳ್ಳುತ್ತದೆ. ಬಿಸಿ ಹೆಚ್ಚಿದರೆ ರಾಸಾಯನಿಕ ಕ್ರಿಯೆ ಚುರುಕು, ಕ್ರಿಯೆ ಚುರುಕಾದರೆ ಬಿಸಿ ಇನ್ನೂ ಹೆಚ್ಚು. ನಿಲ್ಲುವ ಜಾಗವೇ ಇಲ್ಲ. ಇದನ್ನು ಥರ್ಮಲ್ ರನ್‌ಅವೇ ಅನ್ನುತ್ತಾರೆ.

ಮೆಟ್ಟಿಲು ಹೀಗೆ. ಸುಮಾರು 80ರಿಂದ 120 ಡಿಗ್ರಿಯಲ್ಲಿ ಆನೋಡ್ ಅನ್ನುವ ಋಣ ಧ್ರುವದ ಗ್ರಾಫೈಟ್ ಮೇಲಿನ ತೆಳು ಕಾಪು ಪದರ ಒಡೆಯಲು ಶುರು. 130ರ ಹತ್ತಿರ ಎರಡು ಧ್ರುವಗಳನ್ನು ಬೇರೆ ಇಡುವ ಪಾಲಿಎಥಿಲೀನ್ ಹಾಳೆ (ಸೆಪರೇಟರ್) ಕರಗುತ್ತದೆ. ಅಲ್ಲಿಂದ ಒಳಗೇ ಶಾರ್ಟ್. 200 ದಾಟಿದ ಮೇಲೆ ಎನ್‌ಎಂಸಿ ಬಗೆಯ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಕ್ಯಾಥೋಡ್ (ಧನ ಧ್ರುವ) ತನ್ನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಪಕ್ಕದಲ್ಲೇ ಉರಿಯುವ ದ್ರವ ಎಲೆಕ್ಟ್ರೊಲೈಟ್. ಉರಿಯಲು ಹೊರಗಿನ ಗಾಳಿಗೆ ಕಾಯಬೇಕಿಲ್ಲ. ಗಾಳಿ ತಡೆದು ಆರಿಸುವುದು ಕಷ್ಟವಾಗುವುದೂ ಇದಕ್ಕೇ.

ನಿಮ್ಮ ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇಲ್ಲಿ ಆಮ್ಲಜನಕ ರಂಜಕದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿದೆ, ಬಿಡಿಸುವುದು ಸುಲಭವಲ್ಲ. ಹದ ತಪ್ಪುವುದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು, ತಪ್ಪಿದರೂ ಏರುವ ವೇಗ ಕಡಿಮೆ. 1990ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಇನಫ್ ಅವರ ಗುಂಪು ಈ ಕ್ಯಾಥೋಡ್ ಕಂಡುಹಿಡಿದದ್ದು. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಇದಕ್ಕೆ ಕೊಡುವ ಬೆಲೆ ತೂಕ. ಅದೇ ಕಿಲೋದಲ್ಲಿ ಎನ್‌ಎಂಸಿ ಹಿಡಿಯುವಷ್ಟು ಶಕ್ತಿಯನ್ನು ಎಲ್‌ಎಫ್‌ಪಿ ಹಿಡಿಯುವುದಿಲ್ಲ. ದೂರ ಓಡುವ ದುಬಾರಿ ಕಾರುಗಳು ಎನ್‌ಎಂಸಿ ಬಿಡದೆ ಇರುವುದು ಅದಕ್ಕೆ.

ಅನುಮಾನಿ · 8:33

ಎಲ್‌ಎಫ್‌ಪಿ ಉರಿಯುವುದೇ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ ಸರ್. ಮೊಳೆ ಹೊಡೆದರೂ ಹೊಗೆ ಬರಲ್ಲ ಅಂತ ಒಂದು ವಿಡಿಯೊ ತೋರಿಸಿದ್ದರು ಅಲ್ವಾ? ಅದು ಕಂಪನಿಯವರದ್ದೇ.

ಕೋಶಪರೀಕ್ಷೆ · 8:58

ಹಾಗೆ ಬರೆದಿಲ್ಲ. ಆದರೆ ಹಾಗೆ ಕೇಳಿಸಿದ್ದರೆ ತಪ್ಪು ನನ್ನದೇ.

ಆ ವಿಡಿಯೊ ಚೀನಾದ ಬಿವೈಡಿ ಕಂಪನಿಯದು, 2020ರಲ್ಲಿ ಬ್ಲೇಡ್ ಅನ್ನುವ ತನ್ನ ಎಲ್‌ಎಫ್‌ಪಿ ಬ್ಯಾಟರಿ ಬಿಡುಗಡೆ ಮಾಡಿದಾಗ. ಮೊಳೆ ತೂರಿದ ಮೇಲೂ ಕೋಶದ ಮೇಲ್ಮೈ 30ರಿಂದ 60 ಡಿಗ್ರಿಯಲ್ಲೇ ಇತ್ತು ಅಂತ ಕಂಪನಿ ತೋರಿಸಿತು. ಎಲ್‌ಎಫ್‌ಪಿ ಒಳ್ಳೆಯದು ಅನ್ನುವುದಕ್ಕೆ ಅದು ಸಾಕ್ಷಿ. ಯಾವ ಪೆಟ್ಟಿಗೂ ಹೆದರುವುದಿಲ್ಲ ಅನ್ನುವುದಕ್ಕಲ್ಲ.

ಎಲ್‌ಎಫ್‌ಪಿ ಕೋಶಕ್ಕೂ ಸಾಕಷ್ಟು ಬಿಸಿ ಕೊಟ್ಟರೆ ಅದು ಅನಿಲ ಕಕ್ಕುತ್ತದೆ. ಅದರಲ್ಲಿ ಹೈಡ್ರೋಜನ್ ಪಾಲು ದೊಡ್ಡದು. ಎನ್‌ಎಂಸಿ ಆದರೆ ಸಾಮಾನ್ಯವಾಗಿ ಅಲ್ಲೇ ಹೊತ್ತಿಕೊಳ್ಳುತ್ತದೆ. ಎಲ್‌ಎಫ್‌ಪಿ ಅನಿಲ ಹೊತ್ತಿಕೊಳ್ಳದೆ ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ, ಆಮೇಲೆ ಒಂದು ಕಿಡಿ ಸಿಕ್ಕರೆ, ಸ್ಫೋಟ. ಹೊಗೆ ಮಾತ್ರ ಬರುತ್ತಿದೆ, ಬೆಂಕಿಯಿಲ್ಲ ಅಂತ ಹತ್ತಿರ ಹೋಗಿ ಬಗ್ಗಿ ನೋಡಬಾರದು. ಕಾರಿನ ಅಡಿಯಿಂದ ಬಿಳಿ ಹೊಗೆ ಕಂಡರೆ ದೂರ ಸರಿದು ಅಗ್ನಿಶಾಮಕಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಕಾರು ಅಂತ ಮೊದಲೇ ಹೇಳಿ. ಈ ಬೆಂಕಿಗೆ ನೀರು ಬಳಸಬಹುದು, ಆದರೆ ಸಾವಿರಾರು ಲೀಟರ್ ಬೇಕಾಗಬಹುದು. ಆರಿದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ಇನ್ನೊಂದು ಮಾತು. ರಸಾಯನ ಒಳ್ಳೆಯದಿದ್ದರೆ ಸಾಲದು, ಕಟ್ಟುವ ಕೈಯೂ ಚೆನ್ನಾಗಿರಬೇಕು. ಶೆವರ್ಲೆ ಬೋಲ್ಟ್ ಕಾರುಗಳನ್ನು 2020–21ರಲ್ಲಿ ವಾಪಸ್ ಕರೆದದ್ದು ನೆನಪಿದೆಯಾ? ಹರಿದ ಆನೋಡ್ ಪಟ್ಟಿ, ಮಡಚಿಹೋದ ಸೆಪರೇಟರ್, ಈ ಎರಡು ದೋಷಗಳು ಒಂದೇ ಕೋಶದಲ್ಲಿ ಒಟ್ಟಿಗೆ ಸಿಕ್ಕಾಗ ಬೆಂಕಿ. ಒಂದೊಂದೇ ಇದ್ದರೆ ಪಾರು. ರಿಪೇರಿ ಆಗುವವರೆಗೆ ಮಾಲೀಕರಿಗೆ ಹೇಳಿದ್ದೇನು ಗೊತ್ತಾ? ಮನೆಯೊಳಗೆ ರಾತ್ರಿ ಚಾರ್ಜಿಗೆ ಹಾಕಬೇಡಿ, ಚಾರ್ಜ್ ಆದ ಮೇಲೆ ಹೊರಗೆ ನಿಲ್ಲಿಸಿ. ನಿಮ್ಮ ಅತ್ತೆ ಸುಮ್ನೆ ಹೆದರಿಲ್ಲ.

ಹಾಗಾಗಿ ನಿಮ್ಮ ಮಾದರಿಗೆ ಅಂಥ ಕರೆ ಬಂದಿದೆಯಾ ಅಂತ ಕಾರಿನ ಚಾಸಿ ನಂಬರ್ ಹಾಕಿ ವರ್ಷಕ್ಕೆ ಒಂದೆರಡು ಸಲ ನೋಡಿ.

ಮೂಲೆಮನೆ · 9:10

ಸಾಲಿಡ್ ಸ್ಟೇಟ್ ಬ್ಯಾಟರಿ ಬಂದರೆ ಈ ತಲೆನೋವೇ ಇರಲ್ಲ ಅಂತಾರಲ್ಲ? ಅದಕ್ಕೇ ಕಾಯುತ್ತಾ ಪೆಟ್ರೋಲ್ ಕಾರಲ್ಲೇ ಇದ್ದೇನೆ.

ಕೋಶಪರೀಕ್ಷೆ · 9:22

ಉರಿಯುವ ದ್ರವದ ಬದಲು ಘನ, ಅಷ್ಟು ನಿಜ. ಆದರೆ ಚಾರ್ಜ್ ಆಗುವಾಗ ಒಳಗೆ ಹುಟ್ಟುವ ಲಿಥಿಯಂ ಲೋಹದ ಮುಳ್ಳುಗಳು ಆ ಘನವನ್ನೂ ಸೀಳಿಕೊಂಡು ಬೆಳೆಯಬಲ್ಲವು. ಸಲ್ಫೈಡ್ ಬಗೆಯದಕ್ಕೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ. ಇನ್ನೊಂದು ಹೊಸ ಬಗೆ, ಲಿಥಿಯಂ ಬದಲು ಸೋಡಿಯಂ ಇರುವ ಸೋಡಿಯಂ ಅಯಾನ್ ಬ್ಯಾಟರಿ. ಅದನ್ನು ಸೊನ್ನೆ ವೋಲ್ಟಿಗೆ ಇಳಿಸಿ ಸಾಗಿಸಬಹುದು, ಅದು ದೊಡ್ಡ ಅನುಕೂಲ. ಎಲೆಕ್ಟ್ರೊಲೈಟ್ ಮಾತ್ರ ಅದರಲ್ಲೂ ಸಾಮಾನ್ಯವಾಗಿ ಉರಿಯುವ ದ್ರವವೇ.

ಸದ್ಯಕ್ಕೆ ಜೀವ ಉಳಿಸುತ್ತಿರುವುದು ಇಷ್ಟು ಸುದ್ದಿಯಾಗದ ಕೆಲಸ. ಕೋಶ ಕೋಶದ ನಡುವೆ ಶಾಖ ತಡೆಯುವ ಮೈಕಾ, ಏರೋಜೆಲ್ ಹಾಳೆ ಇಡುವುದು. ಒಂದು ಕೋಶ ಹೋದರೂ ಪಕ್ಕದ್ದು ಹೋಗಬಾರದು. 2018ರ ವಿಶ್ವಸಂಸ್ಥೆಯ ನಿಯಮದಲ್ಲಿ ಕೇಳಿದ್ದು, ಅಪಾಯ ಕಾರಿನೊಳಗೆ ಬರುವ ಐದು ನಿಮಿಷ ಮೊದಲು ಎಚ್ಚರಿಕೆ ಕೊಡಬೇಕು ಅಂತ, ಜನ ಇಳಿದು ಓಡಲಿ ಅಂತ. ಚೀನಾ ಇನ್ನೂ ಮುಂದೆ ಹೋಯಿತು. 2025ರಲ್ಲಿ ಹೊರಡಿಸಿದ ಹೊಸ ನಿಯಮದಲ್ಲಿ ಒಂದು ಕೋಶ ಹದ ತಪ್ಪಿದರೂ ಪ್ಯಾಕ್‌ಗೆ ಬೆಂಕಿಯೂ ಹತ್ತಬಾರದು, ಸ್ಫೋಟವೂ ಆಗಬಾರದು ಅನ್ನುತ್ತದೆ. ಜಾರಿಯ ದಿನ 2026ರ ಜುಲೈ 1.

ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಕಾಯುತ್ತಿದ್ದೀರಿ ಅನ್ನುವುದು ಮರೆಯಬೇಡಿ 😀

ಹಳೇಫ್ಯೂಸು · 9:47

ಎಲ್ಲರೂ ಬ್ಯಾಟರಿ ಒಳಗೇ ಹೊಕ್ಕಿದ್ದೀರಿ. ವೈರಿಂಗ್ ಮಾಡಿ ಮಾಡಿ ಕೂದಲು ಬಿಳಿಯಾದವನು ನಾನು. ನಾನು ನೋಡಿರುವ ಸುಟ್ಟ ಗುರುತುಗಳೆಲ್ಲ ಕಾರಿನಲ್ಲಲ್ಲ, ಗೋಡೆಯಲ್ಲಿ.

ಲೆಕ್ಕ ಹಾಕೋಣ. ನಿಮ್ಮ ಕೇಬಲ್ 15 ಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಕುಕ್ಕರ್ 1 ಆಂಪ್ ಚಿಲ್ಲರೆ. ಎಂಸಿಬಿ 16ರದ್ದು. ಅಂದರೆ ಹೀಟರ್ ಹಾಕುವ ಮೊದಲೇ ಲೈನು ಕುತ್ತಿಗೆಮಟ್ಟ ತುಂಬಿಕೊಂಡಿತ್ತು. 2,000 ವ್ಯಾಟ್ ಹೀಟರ್ ಇನ್ನೂ 8–9 ಆಂಪ್ ಸೇರಿಸಿತು. ಎಂಸಿಬಿ ಬಿದ್ದದ್ದು ನಿಮ್ಮ ಪುಣ್ಯ. ಅದು ಕೆಟ್ಟದ್ದಲ್ಲ, ಕೆಲಸ ಮಾಡಿದ್ದು. ದಯವಿಟ್ಟು "ಪದೇ ಪದೇ ಬೀಳುತ್ತೆ" ಅಂತ 25ರದ್ದು ಹಾಕಿಸಬೇಡಿ. ವೈರು ಅದೇ ಇರುತ್ತೆ, ಕಾಯುವವನು ಮಾತ್ರ ನಿದ್ದೆ ಹೋಗುತ್ತಾನೆ.

ಎಂಸಿಬಿ ಕಣ್ಣಿಗೆ ಬೀಳದ ಕಳ್ಳ ಇನ್ನೊಬ್ಬ ಇದ್ದಾನೆ: ಸಡಿಲ ಸಾಕೆಟ್. ಪಿನ್ನು ಸರಿಯಾಗಿ ಕಚ್ಚದೆ ಅಲ್ಲಿ 0.1 ಓಮ್ ಅಡ್ಡಿ ಬಂದರೂ, 15 ಆಂಪ್ ಹರಿದಾಗ ಆ ಒಂದು ಚುಕ್ಕೆಯಲ್ಲಿ 22 ವ್ಯಾಟ್ ಶಾಖ. ಬೆಸುಗೆ ಹಾಕುವ ಸಣ್ಣ ಕಡ್ಡಿಯಷ್ಟು ಬಿಸಿಯನ್ನು ಪ್ಲಗ್ ಒಳಗೆ ಎಂಟು ಗಂಟೆ ಇಟ್ಟ ಹಾಗೆ. ಅದೇ ಸಾಕೆಟ್‌ಗೆ ಕುಕ್ಕರ್ ಹಾಕಿದರೆ 0.1 ವ್ಯಾಟ್ ಸುಮಾರು, ಗೊತ್ತೇ ಆಗುವುದಿಲ್ಲ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. "ಇಷ್ಟು ವರ್ಷ ಮಿಕ್ಸಿ ಓಡಿಸಿದ ಸಾಕೆಟ್ಟೇ ಅಲ್ವಾ" ಅನ್ನುವವರಿಗೆ ಇದೇ ಉತ್ತರ. ಮಿಕ್ಸಿ ಐದು ನಿಮಿಷ ಓಡುತ್ತದೆ, ಕಾರು ಬೆಳಗಿನವರೆಗೆ ಕುಡಿಯುತ್ತದೆ.

ಈಗ ಹೋಗಿ ಪ್ಲಗ್ ಕಿತ್ತು ಪಿನ್ನು ನೋಡಿ. ಬಣ್ಣ ಹೇಳಿ.

ಎರಡುಪ್ಲಗ್ · 10:04

ನೋಡಿದೆ. ಎರಡು ಪಿನ್ನು ಹೊಳೆಯುತ್ತಿವೆ. ಮೂರನೆಯದು ಬುಡದ ಹತ್ತಿರ ಚಹಾ ಕಲೆಯ ಬಣ್ಣ. ಸಾಕೆಟ್‌ನ ಆ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಯಾಗಿ ಒಂಚೂರು ಉಬ್ಬಿದೆ. ಮೂಗಿಗೆ ಹಿಡಿದರೆ ಕೊಳೆತ ಮೀನಿನ ತರಹ ವಾಸನೆ. ಇದನ್ನು ಎಷ್ಟು ದಿನದಿಂದ ಅಡುಗೆಮನೆ ಸಿಂಕಿನ ವಾಸನೆ ಅಂದುಕೊಂಡಿದ್ದೆನೋ.

ಹಳೇಫ್ಯೂಸು · 10:06

ಅದು ಪ್ಲಾಸ್ಟಿಕ್ ಬೇಯುವ ವಾಸನೆ. ಆ ಸಾಕೆಟ್ ಇನ್ನು ಮುಟ್ಟಬೇಡಿ, ಮೇನ್ ಬೋರ್ಡ್‌ನಲ್ಲಿ ಆ ಲೈನು ಆಫ್ ಮಾಡಿ. ಕಾರಿಗೆ ಬೋರ್ಡಿನಿಂದ ನೇರ ಪ್ರತ್ಯೇಕ ಲೈನು, ದಪ್ಪ ವೈರು, ಅದಕ್ಕೇ ಒಂದು ಎಂಸಿಬಿ ಮತ್ತು ಕರೆಂಟ್ ಸೋರಿದರೆ ಲೈನು ಕಡಿಯುವ ಲೀಕೇಜ್ ಬ್ರೇಕರ್. ಎಕ್ಸ್‌ಟೆನ್ಶನ್ ಬಾಕ್ಸ್ ಅನ್ನುವ ಮಾತೇ ಬೇಡ. ಸುರುಳಿ ಬಿಚ್ಚದ ಎಕ್ಸ್‌ಟೆನ್ಶನ್ ಅಂತೂ ಇನ್ನೂ ಕೆಟ್ಟದ್ದು. ಲೈನು ಆಗುವವರೆಗೆ ಹೊರಗಿನ ಚಾರ್ಜಿಂಗ್ ಸ್ಟೇಷನ್‌ಗೆ ಹೋಗಿ ಬನ್ನಿ.

ಕೋಶಪರೀಕ್ಷೆ · 10:19

ಹಳೇಫ್ಯೂಸು ಹೇಳಿದ್ದೇ ಸರಿ. ಮನೆಯ ಈ ನಿಧಾನ ಚಾರ್ಜಿಂಗ್ ಬ್ಯಾಟರಿಯ ಮಟ್ಟಿಗೆ ಸುಖದ ಕೆಲಸ. ಮೂರು ಚಿಲ್ಲರೆ ಕಿಲೋವ್ಯಾಟ್ ಅಷ್ಟು ದೊಡ್ಡ ಪ್ಯಾಕಿಗೆ ಏನೂ ಅಲ್ಲ, ಒಳಗೆ ಬಿಸಿಯೇ ಏರುವುದಿಲ್ಲ. ಕಷ್ಟಪಡುವುದು ಗೋಡೆ.

ಹೊಸಕಾರು · 10:30

ಮಧ್ಯೆ ಒಂದು ಪ್ರಶ್ನೆ. ಚಾರ್ಜನ್ನು 80 ಪರ್ಸೆಂಟಿಗೆ ನಿಲ್ಲಿಸಬೇಕಾ, 100 ಮಾಡಬಹುದಾ?

ಕೋಶಪರೀಕ್ಷೆ · 10:34

ಎನ್‌ಎಂಸಿ ಆದರೆ ದಿನಕ್ಕೆ 80 ಸಾಕು. ಎಲ್‌ಎಫ್‌ಪಿ ಕಾರುಗಳಿಗೆ ವಾರಕ್ಕೊಮ್ಮೆ 100 ಮಾಡಿ ಅಂತ ಹಲವು ಕಂಪನಿಗಳು ಹೇಳುತ್ತವೆ. ಅದರ ವೋಲ್ಟೇಜ್ ಬಹಳ ಹೊತ್ತು ಸಮತಟ್ಟಾಗಿರುವುದರಿಂದ, ತುದಿ ಮುಟ್ಟಿದಾಗ ಮಾತ್ರ ಎಷ್ಟು ಉಳಿದಿದೆ ಅನ್ನುವುದು ಕಾರಿಗೆ ಸರಿಯಾಗಿ ತಿಳಿಯುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಇದ್ದದ್ದೇ ಕೊನೆಯ ಮಾತು.

ಎರಡುಪ್ಲಗ್ · 10:41

ಚಿಕನ್ ಕಸಕ್ಕೆ ಹೋಯಿತು. ಹೊಸದು ತಂದಿದ್ದಾಯಿತು. ಸೌಟಕ್ಕಾ, ಸಂಜೆ ಏಳಕ್ಕೆ ಎಂಟು ಜನ. ನಿಮ್ಮ ಕೈಯಲ್ಲಿದ್ದೇನೆ. ಇಬ್ಬರು ಮಾಂಸ ತಿನ್ನುವುದಿಲ್ಲ.

ಸೌಟುಹಿಡಿದವಳು · 11:02

ಹೊತ್ತು ಬೇಕಾದಷ್ಟಿದೆ. ಕುಕ್ಕರನ್ನು ಬೇರೆ ಲೈನಿಗೆ ಹಾಕಿ. ಈ ಸಲ ಹಗಲಲ್ಲಿ, ‘ಹೈ’ ಬಿಸಿಯಲ್ಲಿ, ಐದು ಗಂಟೆ. ಒಂದು ಗಂಟೆಗೆ ಶುರು ಮಾಡಿದರೆ ಆರಕ್ಕೆ ಆಗುತ್ತದೆ.

ಆಲೂಗಡ್ಡೆ ನಾಲ್ಕು, ಕ್ಯಾರೆಟ್ ಮೂರು, ದೊಡ್ಡ ಹೋಳು ಮಾಡಿ ತಳಕ್ಕೆ ಹಾಕಿ. ಜನ ಇದನ್ನೇ ತಲೆಕೆಳಗು ಮಾಡುತ್ತಾರೆ. ಸ್ಲೋ ಕುಕ್ಕರ್‌ನಲ್ಲಿ ಗಡ್ಡೆಗಳು ಮಾಂಸಕ್ಕಿಂತ ತಡವಾಗಿ ಬೇಯುತ್ತವೆ, ಬಿಸಿಗೆ ಹತ್ತಿರ ಅವೇ ಇರಬೇಕು. ಅದರ ಮೇಲೆ ಈರುಳ್ಳಿ ಮೂರು, ಬೆಳ್ಳುಳ್ಳಿ ಒಂದು ಇಡೀ ಗೆಡ್ಡೆ ಬಿಡಿಸಿ. ಎಲುಬಿರುವ ಕಾಲು, ತೊಡೆ ತುಂಡುಗಳು ಒಂದೂವರೆ ಕಿಲೋ. ಎದೆ ಮಾಂಸ ಬೇಡ, ಐದು ಗಂಟೆಯಲ್ಲಿ ಹತ್ತಿಯಾಗುತ್ತದೆ. ತೊಡೆಯಲ್ಲಿ ನಾರಿನಂಥ ಕೊಲಾಜೆನ್ ಇದೆ, ಅದು ನಿಧಾನ ಬಿಸಿಗೆ ಕರಗಿ ಅಂಟಂಟಾಗಿ ರಸಕ್ಕೆ ಸೇರುತ್ತದೆ. ಈ ಪಾತ್ರೆಯ ಮರ್ಮವೇ ಅದು.

ಚರ್ಮ ತೆಗೆಯಿರಿ, ಇಲ್ಲದಿದ್ದರೆ ಒದ್ದೆ ಬಟ್ಟೆಯ ಹಾಗಾಗುತ್ತದೆ. ಪುರುಸೊತ್ತಿದ್ದರೆ ತುಂಡುಗಳನ್ನು ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ ಹಾಕಿ. ಸ್ಲೋ ಕುಕ್ಕರ್‌ಗೆ ಆ ಹುರಿದ ರುಚಿ ಹುಟ್ಟಿಸಲು ಬರುವುದಿಲ್ಲ. ಉಪ್ಪು ಎರಡು ಟೀ ಚಮಚ, ಕುಟ್ಟಿದ ಕಾಳುಮೆಣಸು ಒಂದು. ನೀರು ಮುಕ್ಕಾಲು ಲೋಟ, ಅಷ್ಟೇ! ಆವಿ ಹೊರಗೆ ಹೋಗುವುದಿಲ್ಲ, ತರಕಾರಿಯೇ ನೀರು ಬಿಡುತ್ತದೆ.

ಮುಚ್ಚಳ ತೆಗೆಯಬೇಡಿ. ಒಂದು ಸಲ ಇಣುಕಿದರೆ ಇಪ್ಪತ್ತು ನಿಮಿಷ ಹಿಂದೆ ಹೋಯಿತು ಅಂತ ಲೆಕ್ಕ. ಗಾಜಿನ ಮೇಲಿನ ಹನಿ ಅಡ್ಡ ಬಂದರೆ ಮುಚ್ಚಳವನ್ನು ಮೆಲ್ಲಗೆ ತಟ್ಟಿ, ಹನಿ ಜಾರಿ ಕಿಟಕಿ ತೆರೆಯುತ್ತದೆ. ಫ್ರೀಜರ್‌ನಿಂದ ನೇರ ಕಲ್ಲಾಗಿರುವ ಮಾಂಸ ಹಾಕಬೇಡಿ, ಆ 60 ಡಿಗ್ರಿ ದಾಟುವುದು ತಡವಾಗುತ್ತದೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ಎರಡು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕಲಸಿ ಹಾಕಿದರೆ ರಸ ಗಟ್ಟಿ. ಇಳಿಸಿದ ಮೇಲೆ ನಿಂಬೆ.

ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ, ಎಲುಬಿಗೆ ತಾಗದ ಹಾಗೆ ಚುಚ್ಚಿ. 74 ಬಂದರೆ ತಿನ್ನಬಹುದು. ತೊಡೆ 85 ದಾಟಿದರೆ ಇನ್ನೂ ಚೆನ್ನ.

ಮೂಲೆಮನೆ · 11:15

ಮಾಂಸ ತಿನ್ನದವರಿಗೆ ನೆನೆಸಿದ ರಾಜ್ಮಾ ಇನ್ನೊಂದು ಸ್ಲೋ ಕುಕ್ಕರ್‌ಗೆ ಹಾಕಿಬಿಡಿ, ಸುಲಭ.

ಸೌಟುಹಿಡಿದವಳು · 11:17

ಅಯ್ಯೋ, ನಿಲ್ಲಿ ನಿಲ್ಲಿ. ಹಸಿ ರಾಜ್ಮಾವನ್ನು ನೇರ ಸ್ಲೋ ಕುಕ್ಕರ್‌ಗೆ ಹಾಕಲೇಬಾರದು. ಅದರಲ್ಲಿ ಲೆಕ್ಟಿನ್ ಅನ್ನುವ ವಿಷವಿದೆ. ಅರೆಬೆಂದ ನಾಲ್ಕೈದು ಕಾಳು ಸಾಕು, ರಾತ್ರಿಯಿಡೀ ವಾಂತಿ. ಕುದಿಯದ ಬಿಸಿಯಲ್ಲಿ, 80 ಡಿಗ್ರಿ ಆಸುಪಾಸಿನಲ್ಲಿ, ಆ ವಿಷ ಹೋಗುವ ಬದಲು ಇನ್ನೂ ಜೋರಾಗಬಹುದು. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಒಲೆ ಮೇಲೆ ಕೊತಕೊತ ಕುದಿಸಿ, ಆಮೇಲೆ ಬೇಕಾದರೆ ಕುಕ್ಕರ್. ಡಬ್ಬಿಯಲ್ಲಿ ಬರುವ ಬೆಂದ ಕಾಳು ಆದರೆ ತೊಂದರೆಯಿಲ್ಲ.

ಇವತ್ತಿಗೆ ಕಡಲೆಕಾಳು, ಟೊಮೇಟೊ, ಕುಂಬಳಕಾಯಿ ಒಲೆ ಮೇಲೇ ಮಾಡಿ.

ಉಳಿತಾಯರಾಯ · 11:25

ಇಷ್ಟು ವರ್ಷ ಕುಕ್ಕರ್ ಅಂದರೆ ಸೀಟಿ ಹೊಡೆಯುವುದು ಅಂದುಕೊಂಡಿದ್ದೆ. ಈಗ ಸುಮ್ಮನಿರುವ ಕುಕ್ಕರ್ ಕಂಡರೇ ಭಯ.

ಎರಡುಪ್ಲಗ್ · ರಾತ್ರಿ 9:38

ಊಟ ಮುಗಿಯಿತು. ಥರ್ಮಾಮೀಟರ್ 88 ತೋರಿಸಿತು. ಇಕ್ಕಳದಲ್ಲಿ ಕಾಲು ಎತ್ತಿದರೆ ಎಲುಬು ಮಾತ್ರ ಕೈಗೆ ಬಂತು, ಮಾಂಸ ಅಲ್ಲೇ ಉಳಿಯಿತು. ಆಲೂಗಡ್ಡೆ ತಳದಲ್ಲಿದ್ದದ್ದಕ್ಕೆ ಸರಿಯಾಗಿ ಬೆಂದಿತ್ತು. ಮುಚ್ಚಳ ಎರಡು ಸಲ ತೆಗೆದೆ, ಸುಳ್ಳು ಹೇಳಲ್ಲ. ಉಳಿದದ್ದನ್ನು ಅಗಲ ಡಬ್ಬಿಗಳಿಗೆ ತೆಳ್ಳಗೆ ಹರಡಿ ಆಗಲೇ ಫ್ರಿಜ್‌ಗೆ ಇಟ್ಟಿದ್ದೇನೆ.

ಕಾರು 43 ಪರ್ಸೆಂಟ್‌ನಲ್ಲಿ ಹೊರಗೆ ನಿಂತಿದೆ. ಎಲೆಕ್ಟ್ರಿಷಿಯನ್ ನಾಡಿದ್ದು ಬರುತ್ತಾರೆ. ಸುಟ್ಟ ಸಾಕೆಟ್‌ನ ಮೇಲೆ ಟೇಪ್ ಅಂಟಿಸಿ ಬೇಡ ಅಂತ ಬರೆದೆ.

ಅತ್ತೆಗೆ ಕುಕ್ಕರ್ ಮುಂದೆ ನಿಲ್ಲಿಸಿಯೇ ಬ್ಯಾಟರಿ ವಿಷಯ ಹೇಳಿದೆ, ಎಲ್ಲಿ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅಂತ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದೆಲ್ಲ ಸರಿ, ನನ್ನ ಹೀಟರ್ ರಿಪೇರಿಗೆ ಕೊಟ್ಟೆಯಾ?" ಅಂದರು. ಅದು ಕೆಟ್ಟೇ ಇಲ್ಲ ಅಂತ ಇನ್ನೂ ಹೇಳಿಲ್ಲ. ಎರಡು ಕಂಬಳಿ ಕೊಟ್ಟಿದ್ದೇನೆ.